ಹಳೇ ಮನೆ, ಗುಡಿ, ಅಂಗಡಿ, ಸುರಂಗ: ಫೋಟೋದಲ್ಲಿ ಕಥೆ ಹೇಳುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಕುಂಬಳೆ, ಮಂಜೇಶ್ವರ ಕಡೆ ಹಳೇ ಕಟ್ಟಡಗಳ ಫೋಟೋ ತೆಗೀಲಿಕ್ಕೆ ಶುರು ಮಾಡಿ ಹತ್ತು ವರ್ಷ ದಾಟಿತು. ಮದುವೆ ಊಟದ ಪಂಕ್ತಿಯಲ್ಲಿ, ಬಸ್ಸಲ್ಲಿ, ವಾಟ್ಸಾಪಲ್ಲಿ, ಒಂದೆರಡು ಕಾಗದದಲ್ಲಿ ಸಹ ಅದೇ ಅದೇ ಪ್ರಶ್ನೆ ಬರ್ತಾ ಇರ್ತದೆ. ಹಾಗಾಗಿ ಕೇಳಿದವರ ಮಾತಲ್ಲೇ ಪ್ರಶ್ನೆ ಬರ್ದು ಉತ್ತರ ಒಟ್ಟು ಮಾಡಿದ್ದೇನೆ, ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

### ಶುರು ಮಾಡುವವರಿಗೆ

ಬರೀ ಗೋಡೆ, ಮಾಡು, ಕಂಬದ ಫೋಟೋದಲ್ಲಿ ಎಂತ ಕಥೆ ಇರ್ತದೆ ಮಾರಾಯ್ರೆ?

ನೀರ್ಚಾಲು ಹತ್ರ ಒಂದು ಮನೆಯ ಜಗಲಿಯಲ್ಲಿ ಹಲಸಿನ ಮರದ ಕಂಬ ಉಂಟು. ನೆಲದಿಂದ ಸುಮಾರು ಎರಡೂವರೆ ಅಡಿ ಎತ್ತರದಲ್ಲಿ ಒಂದು ಗೇಣಿನಷ್ಟು ಜಾಗ ಮಾತ್ರ ಕಪ್ಪಾಗಿ, ಎಣ್ಣೆ ಹಾಕಿದ ಹಾಗೆ ಹೊಳೀತದೆ. ಪಾಲಿಶ್ ಇರ್ಬೇಕು ಅಂತ ಗ್ರಹಿಸಿದ್ದೆ. ಸ್ವಲ್ಪ ಹೊತ್ತಲ್ಲಿ ಆ ಮನೆಯ ಅಜ್ಜಿ ಕೂತಲ್ಲಿಂದ ಏಳುವಾಗ ಅವರ ಕೈ ಸೀದಾ ಆ ಜಾಗಕ್ಕೇ ಹೋಯ್ತು, ಕೇಳಿದ್ರೆ ಅವರ ಅತ್ತೆಯೂ ಅಲ್ಲೇ ಹಿಡಿದು ಏಳ್ತಿದ್ದದ್ದಂತೆ, ಅತ್ತೆಯ ಅತ್ತೆಯೂ. ಮನೆಯ ಎದುರಿನ ನೋಟ ಅಂತ ಆ ದಿನ ಒಂದಿಪ್ಪತ್ತು ಫೋಟೋ ತೆಗೆದಿದ್ದೆ, ಆದ್ರೆ ಈಗ ಯಾರಿಗೆ ತೋರಿಸಿದ್ರೂ ಅವರು ನಿಲ್ಲುವುದು ಆ ಕಂಬದ ಹತ್ರ. ಕಂಬ, ಒಂದು ಕೈ, ಅಷ್ಟೇ ಇರುವುದು ಅದ್ರಲ್ಲಿ. ಕಟ್ಟಡವನ್ನು ಜನ ಹೇಗೆ ಬಳಸಿದ್ದಾರೆ ಅಂತ ಹುಡುಕಿ, ಕಥೆ ಅಲ್ಲಿಂದ ಸಿಗ್ತದೆ.

ನನ್ನತ್ರ ಮೊಬೈಲ್ ಮಾತ್ರ ಇರುವುದು ಅಣ್ಣ, ಸಾಕಾ?

ಧಾರಾಳ ಸಾಕು. ಮೊಬೈಲಿನ ಮೇನ್ ಕ್ಯಾಮರಾ ದೊಡ್ಡ (ಫುಲ್ ಫ್ರೇಮ್) ಕ್ಯಾಮರಾದ ಸುಮಾರು 24ರಿಂದ 26 ಎಂಎಂ ಲೆನ್ಸಿಗೆ ಸಮ, ಮನೆ, ಚಾವಡಿ ತೆಗೀಲಿಕ್ಕೆ ಅದು ಒಳ್ಳೇ ಅಳತೆ. 0.5 ಅಂತ ಬರ್ತದಲ್ಲ, ಆ ಅಲ್ಟ್ರಾ ವೈಡ್ ಮಾತ್ರ ಜಾಗ್ರತೆಯಿಂದ ಬಳಸಿ, ಅದು ಸಣ್ಣ ಕೋಣೆಯನ್ನು ಕಲ್ಯಾಣ ಮಂಟಪ ಮಾಡಿ ತೋರಿಸ್ತದೆ, ಬದಿಯಲ್ಲಿ ನಿಂತ ಮನುಷ್ಯರನ್ನು ಎಳೆದು ಅಗಲ ಮಾಡ್ತದೆ. ದುಡ್ಡು ಹಾಕುವುದಾದ್ರೆ ಮೊದಲು ಒಂದು ಟ್ರೈಪಾಡಿಗೆ ಹಾಕಿ, ಆಮೇಲೆ ಕ್ಯಾಮರಾ.

ಆರ್ಕಿಟೆಕ್ಚರ್ ಫೋಟೋಗ್ರಫಿಗೂ ಡಾಕ್ಯುಮೆಂಟರಿಗೂ ವ್ಯತ್ಯಾಸ ಎಂತ? ಎರಡೂ ಒಟ್ಟಿಗೆ ಆಗ್ತದಾ?

ಮೊದಲನೇದು ಕಟ್ಟಡದ ಆಕಾರ, ಅಳತೆ, ಸಾಮಾನು, ಬೆಳಕು ಸರಿಯಾಗಿ ತೋರಿಸುವುದು. ಎರಡನೇದು ಅಲ್ಲಿ ನಡೀತಾ ಇರುವುದನ್ನು ನಾವು ಬದಲಿಸದೆ ದಾಖಲೆ ಮಾಡುವುದು. ಫ್ರಾನ್ಸಿನ ಯೂಜೀನ್ ಅಟ್ಜೆ 1890ರ ದಶಕದಿಂದ 1927ರಲ್ಲಿ ತೀರಿಕೊಳ್ಳುವ ತನಕ ಪ್ಯಾರಿಸಿನ ಹಳೇ ಬೀದಿ, ಅಂಗಡಿ, ಮೆಟ್ಟಿಲು ತೆಗೆದ, ತುಂಬ ಚಿತ್ರಗಳಲ್ಲಿ ಒಬ್ಬ ಮನುಷ್ಯನೂ ಇಲ್ಲ, ಆದ್ರೂ ಜನರ ಬದುಕು ಕಾಣ್ತದೆ. ನಮ್ಮ ಮೈಸೂರಿನ ಪತ್ರಿಕಾ ಛಾಯಾಗ್ರಾಹಕ ಟಿ. ಎಸ್. ಸತ್ಯನ್ ಅವರು ಮಾಮೂಲಿ ಜನರ ದಿನನಿತ್ಯದ ಬದುಕು ತೆಗೆಯುವ ದಾರಿಯಿಂದ ಬಂದವರು. ಈ ಎರಡೂ ದಾರಿ ಸೇರುವ ಜಾಗ ನಮಗೆ ಬೇಕಾದ್ದು, ಅಂದ್ರೆ ಮನೆಯ ರಚನೆ ಸಹ ಗೊತ್ತಾಗ್ಬೇಕು, ಮನೆಯವರ ಬದುಕು ಸಹ.

ಎಲ್ಲಿಂದ ಶುರು ಮಾಡ್ಲಿ? ಬೇಕಲ ಕೋಟೆಯಿಂದ ಆದೀತಾ?

ಆದೀತು, ಆದ್ರೆ ನಾನಾದ್ರೆ ಅಲ್ಲಿಂದ ಶುರು ಮಾಡ್ಲಿಕ್ಕಿಲ್ಲ. ಕೆಳದಿಯ ಶಿವಪ್ಪ ನಾಯಕರ ಕಾಲದ 17ನೇ ಶತಮಾನದ ಕೋಟೆ, 40 ಎಕ್ರೆಯಷ್ಟು ಜಾಗ, ಪಶ್ಚಿಮಕ್ಕೆ ಸಮುದ್ರ, ಯಾರು ಹೋದ್ರೂ ಚಂದದ ಫೋಟೋ ಬಂದೇ ಬರ್ತದೆ ಮತ್ತೆ ಎಲ್ಲರದ್ದೂ ಒಂದೇ ಹಾಗೆ ಇರ್ತದೆ. ನಿಮ್ಮ ಅಜ್ಜನ ಮನೆಯಿಂದ ಶುರು ಮಾಡಿ. ಯಾವ ಬಾಗಿಲು ಯಾವಾಗ ತೆಗೀತಾರೆ, ಅಟ್ಟದಲ್ಲಿ ಎಂತ ಇಡ್ತಿದ್ರು, ಬಚ್ಚಲ ಒಲೆಗೆ ಎಷ್ಟು ಹೊತ್ತಿಗೆ ಬೆಂಕಿ ಹಾಕ್ತಾರೆ ಎಲ್ಲ ನಿಮಗೆ ಗೊತ್ತುಂಟು, ಹೊರಗಿನವನಿಗೆ ಅಷ್ಟು ತಿಳಿಯಲಿಕ್ಕೆ ಒಂದು ವರ್ಷ ಬೇಕು.

### ಬೆಳಕು, ಗೆರೆ, ಕೋಣೆ

ನಾನು ತೆಗೆದ ಮನೆ ಹಿಂದಕ್ಕೆ ಬೀಳುವ ಹಾಗೆ ಕಾಣ್ತದಲ್ಲ, ಯಾಕೆ?

ಮಾಡಿನ ತುದಿ ಸಿಗ್ಲಿ ಅಂತ ನೀವು ಕ್ಯಾಮರಾ ಮೇಲೆ ಎತ್ತಿದ್ದೀರಿ. ಎತ್ತಿದ ಕೂಡಲೇ ಸೆನ್ಸಾರ್, ಅಂದ್ರೆ ಕ್ಯಾಮರಾದ ಒಳಗೆ ಚಿತ್ರ ಹಿಡಿಯುವ ಫಲಕ, ಗೋಡೆಗೆ ಸಮಾನಾಂತರ ಇರುವುದಿಲ್ಲ, ನೆಟ್ಟಗಿನ ಗೆರೆಗಳು ಮೇಲೆ ಹೋಗ್ತಾ ಹತ್ರ ಹತ್ರ ಬರ್ತವೆ. ಕ್ಯಾಮರಾ ಮಟ್ಟವಾಗಿ ಹಿಡೀರಿ, ಪರದೆಯಲ್ಲಿ ಗೆರೆ ತೋರಿಸುವ ಗ್ರಿಡ್ ಆನ್ ಮಾಡಿ, ಹಿಂದೆ ಹೋಗಿ, ಆಗದಿದ್ರೆ ಎದುರಿನ ಹಟ್ಟಿಯ ಮೆಟ್ಟಿಲೋ ಕಟ್ಟೆಯೋ ಹತ್ತಿ. ಟಿಲ್ಟ್ ಶಿಫ್ಟ್ ಅಂತ ಇದಕ್ಕೇ ಲೆನ್ಸ್ ಉಂಟು, ಕ್ರಯ ಜಾಸ್ತಿ. ಸಾಫ್ಟ್‌ವೇರಲ್ಲಿ ಸರಿ ಮಾಡುವುದಾದ್ರೆ ತೆಗೆಯುವಾಗಲೇ ಸುತ್ತ ಜಾಗ ಬಿಡಿ, ಸರಿ ಮಾಡುವಾಗ ಅಂಚು ಕಟ್ ಆಗ್ತದೆ.

ಒಂದು ವಿಷಯ. ನಮ್ಮ ಮುರಕಲ್ಲಿನ, ಅಂದ್ರೆ ಕೆಂಪು ಜಂಬಿಟ್ಟಿಗೆಯ ಹಳೇ ಗೋಡೆ ಎಷ್ಟೋ ಕಡೆ ನಿಜವಾಗಿಯೇ ವಾಲಿರ್ತದೆ. ಅದನ್ನು ಸಾಫ್ಟ್‌ವೇರಲ್ಲಿ ನೆಟ್ಟಗೆ ಮಾಡ್ಲೇಬೇಡಿ. ಮೊನ್ನೆ ಕಟ್ಟಿದ ಸಿಮೆಂಟಿನ ಕಂಬವೋ ನೇತು ಹಾಕಿದ ಹಗ್ಗವೋ ಫ್ರೇಮಲ್ಲಿ ಇದ್ರೆ ಅದನ್ನು ಲೆಕ್ಕ ಇಟ್ಟು ನೇರ ಮಾಡಿ, ಗೋಡೆ ಹೇಗೆ ಉಂಟೋ ಹಾಗೆ ಇರ್ಲಿ.

ಯಾವ ಹೊತ್ತಿಗೆ, ಯಾವ ತಿಂಗಳಲ್ಲಿ ತೆಗೆದ್ರೆ ಒಳ್ಳೇದು?

ಬೆಳಿಗ್ಗೆ, ಸಂಜೆ ಅಂತ ಎಲ್ಲರೂ ಹೇಳ್ತಾರೆ, ಅದು ಸರಿಯೇ. ಆದ್ರೆ ನಮ್ಮೂರಿನ ಲೆಕ್ಕ ಸ್ವಲ್ಪ ಬೇರೆ ಉಂಟು. ಕಾಸರಗೋಡು ಇರುವುದು ಸುಮಾರು ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಹಾಗಾಗಿ ಏಪ್ರಿಲ್ ಕೊನೆಗೆ ಒಂದ್ಸಲ, ಆಗಸ್ಟ್ ಮೂರನೇ ವಾರದ ಹೊತ್ತಿಗೆ ಇನ್ನೊಂದ್ಸಲ ಮಧ್ಯಾಹ್ನದ ಸೂರ್ಯ ಸರೀ ನೆತ್ತಿ ಮೇಲೆ ಬರ್ತಾನೆ, ನಡುವಿನ ತಿಂಗಳಲ್ಲಿ ಬಡಗು ದಿಕ್ಕಿಗೆ ವಾಲಿರ್ತಾನೆ. ಬಡಗು ಮುಖದ ಜಗಲಿಗೆ ಡಿಸೆಂಬರಲ್ಲಿ ಬಿಸಿಲೇ ಬೀಳುವುದಿಲ್ಲ, ಮೇ ತಿಂಗಳ ಬೆಳಿಗ್ಗೆ ಬೀಳ್ತದೆ. ಮನೆ ಯಾವ ಕಡೆ ಮುಖ ಮಾಡಿದೆ ಅಂತ ಮೊದಲು ನೋಡಿಕೊಂಡು ಆಮೇಲೆ ತಿಂಗಳು ಆರಿಸಿ.

ಮತ್ತೆ ಮಳೆಗಾಲ ಬಿಡ್ಬೇಡಿ. ಜುಲೈಯಲ್ಲಿ ಮೋಡದ ಬೆಳಕು ಎಲ್ಲ ಕಡೆ ಒಂದೇ ಸಮ, ನೆನೆದ ಮುರಕಲ್ಲಿನ ಕೆಂಪು, ಪಾಚಿಯ ಹಸಿರು, ಇರಚಲು ತಡೀಲಿಕ್ಕೆ ಜಗಲಿಗೆ ಕಟ್ಟಿದ ಸೋಗೆಯ ತಟ್ಟಿ. ಮಾಡು ಯಾಕೆ ಅಷ್ಟು ತಗ್ಗಿಗೆ ಇಳಿದಿದೆ ಅಂತ ಆಗ ಯಾರೂ ವಿವರಿಸ್ಬೇಕಾಗಿಲ್ಲ. ಹಾಗೇ ಅಂಗಳ ಯಾಕೆ ಅಷ್ಟು ದೊಡ್ಡದು ಅಂತ ಜನವರಿಯಲ್ಲಿ ಹೋದ್ರೆ ಗೊತ್ತಾಗ್ತದೆ, ಒಣಗಿ ಚಾಲಿ ಆಗ್ಲಿಕ್ಕೆ ಹರಡಿದ ಅಡಿಕೆ ಮೆಟ್ಟಿಲ ಬುಡದ ತನಕ ಬಂದಿರ್ತದೆ, ಮನೆಯವರು ಬದಿಯಲ್ಲಿ ಒಂದು ಹೆಜ್ಜೆ ಜಾಗ ಬಿಟ್ಟು ನಡೀತಾರೆ. ಖಾಲಿ ಅಂಗಳದ ಫೋಟೋಕ್ಕೆ ಆ ತೂಕ ಇಲ್ಲ.

ಹಳೇ ಮನೆ ಒಳಗೆ ಪೂರ ಕತ್ತಲೆ, ಫ್ಲ್ಯಾಶ್ ಹಾಕ್ಬಹುದಾ?

ನಾನು ಹಾಕುವುದಿಲ್ಲ. ನಡುಮನೆಯ ಕತ್ತಲೆ ಆ ಮನೆಯ ಗುಣ, ಬೇಸಿಗೆಯಲ್ಲಿ ತಂಪಿರಲಿ ಅಂತ ಕಿಟಕಿ ಸಣ್ಣ ಇಟ್ಟದ್ದು. ಟ್ರೈಪಾಡ್ ಇಡಿ, ಐಎಸ್‌ಒ (ಸೆನ್ಸಾರಿಗೆ ಬೆಳಕಿನ ಸೂಕ್ಷ್ಮತೆ) 100, ಲೆನ್ಸಿನ ತೂತು ಎಫ್ 8, ಶಟರ್ ಎರಡು ಸೆಕೆಂಡೋ ಹತ್ತು ಸೆಕೆಂಡೋ ಆಗ್ಲಿ. ಕಿಟಕಿ ಹೊರಗೆ ಬಿಸಿಲು ಜೋರಿದ್ರೆ ಬೆಳಕು ಕಮ್ಮಿ, ಸರಿ, ಜಾಸ್ತಿ ಅಂತ ಮೂರು ಎಕ್ಸ್‌ಪೋಷರ್ ತೆಗೆದು ಆಮೇಲೆ ಸೇರಿಸಿ, ಆದ್ರೆ ಮೂಲೆಮೂಲೆ ಬೆಳಗುವಷ್ಟು ಸೇರಿಸ್ಬೇಡಿ. ಒಂದು ಕಣ್ಣು ಹಂಚು, ಅದೇ ಗಾಜಿನ ಹಂಚು, ಅಡಿಗೆ ಕೋಣೆಯ ಮಸಿ ಹಿಡಿದ ಪಕ್ಕಾಸಿನ (ಮಾಡಿನ ಮರದ ಪಟ್ಟಿಯ) ಎಡೆಯಿಂದ ಬೆಳಕು ಬಿಡ್ತದೆ, ಹೊಗೆ ಇದ್ದಾಗ ಆ ಬೆಳಕು ಕೋಲಿನ ಹಾಗೆ ನಿಲ್ತದೆ. ಬೆಳಿಗ್ಗೆ ತಿಂಡಿ ಮಾಡುವ ಹೊತ್ತಿಗೆ ಹೋಗಿ ಕಾದು ಕೂತ್ರೆ ಸಿಗ್ತದೆ.

ನಾವು ಬರ್ತೇವೆ ಅಂತ ಮನೆಯವರು ಎಲ್ಲ ಕ್ಲೀನ್ ಮಾಡಿ, ಸೀರೆ ಉಟ್ಟು ರೆಡಿ ಆಗಿ ನಿಲ್ತಾರೆ, ಎಂತ ಮಾಡುವುದು?

ಮೊದಲ ದಿನ ಅದನ್ನೇ ತೆಗೀರಿ, ಮನಸ್ಸಿಟ್ಟು ತೆಗೀರಿ. ಅವರಿಗೆ ತಮ್ಮ ಮನೆ ಹಾಗೆ ಕಾಣ್ಬೇಕು ಅಂತ ಆಸೆ, ಅದೂ ಒಂದು ಸತ್ಯ. ಪ್ರಿಂಟ್ ಹಾಕಿಸಿ ಕೊಡಿ. ಎರಡನೇ ಸಲ ಹೋಗುವಾಗ ಚಾ ಕುಡೀಲಿಕ್ಕೆ ಬಂದವರ ಹಾಗೆ ನೋಡ್ತಾರೆ, ಮೂರನೇ ಸಲ ನೀವು ಇದ್ದದ್ದು ಮರೆತು ಬಟ್ಟೆ ಒಣಗಿಸ್ಲಿಕ್ಕೆ ಹೋಗ್ತಾರೆ.

### ಅಪ್ಪಣೆ, ಜನ, ಜಾಗ

ದೇವಸ್ಥಾನ, ದೈವಸ್ಥಾನ, ಮಸೀದಿ, ಕೋಟೆ ಎಲ್ಲ ಕಡೆ ಕೇಳಿಯೇ ತೆಗೀಬೇಕಾ?

ಹೌದು, ಎಲ್ಲ ಕಡೆ. ಮಧೂರು ದೇವಸ್ಥಾನದ ಮೂರಂತಸ್ತಿನ ಗಜಪೃಷ್ಠ, ಅಂದ್ರೆ ಆನೆಯ ಬೆನ್ನಿನ ಹಾಗೆ ದುಂಡಗಿನ ತಾಮ್ರದ ಮಾಡು ಹೊರಗಿಂದ ನೋಡಿಯೇ ಮುಗಿಯುವುದಿಲ್ಲ, ಒಳಗೆ ಹೋಗುವ ಹಟ ಬೇಡ. ಪುರಾತತ್ವ ಇಲಾಖೆಯ ಕೈಯಲ್ಲಿರುವ ಬೇಕಲದಂಥ ಕಡೆ ಕೈಯಲ್ಲಿ ಹಿಡಿದು ತೆಗೆದ್ರೆ ತೊಂದ್ರೆ ಇಲ್ಲ, ಟ್ರೈಪಾಡ್ ಇಡ್ಬೇಕಾದ್ರೆ ಮೊದಲೇ ಪರ್ಮಿಷನ್ ಬೇಕು.

ಕೋಲ, ತೆಯ್ಯಂ, ಅಂದ್ರೆ ದೈವ ಕಟ್ಟಿ ಕುಣಿಯುವ ಆರಾಧನೆಯ ವಿಷಯದಲ್ಲಿ ಸ್ವಲ್ಪ ಜಾಸ್ತಿ ಹೇಳ್ತೇನೆ. ಚಂದ್ರಗಿರಿ ಹೊಳೆಯಿಂದ ತೆಂಕಕ್ಕೆ ತೆಯ್ಯಂ ಜಾಸ್ತಿ, ಬಡಗಕ್ಕೆ ಭೂತಕೋಲ ಜಾಸ್ತಿ, ನಡುವೆ ಎರಡೂ ಬೆರೆತಿರ್ತದೆ. ಕ್ರಮ ಒಂದೊಂದು ಕಡೆ ಒಂದೊಂದು, ಮನೆಯ ಯಜಮಾನರನ್ನೋ ಗುತ್ತಿನವರನ್ನೋ (ಊರಿನ ಹಿರಿಯ ಮನೆತನದವರನ್ನೋ) ಮುಂಚಿನ ದಿನವೇ ಕೇಳಿ. ದೈವ ಕಟ್ಟುವವರು ಚೌಕಿಯಲ್ಲಿ ಬಣ್ಣ ಹಾಕುವಾಗ ಅವರ ಒಪ್ಪಿಗೆ ಬೇರೆಯೇ ಬೇಕು. ಸೂಟೆಯ (ಪಂಜಿನ) ಬೆಳಕಲ್ಲಿ ಫ್ಲ್ಯಾಶ್ ಹೊಡೆದ್ರೆ ಕಣ್ಣಿಗೆ ಕತ್ತಲೆ ಕಟ್ತದೆ, ಬೆಂಕಿ ಹಿಡಿದವರಿಗೆ ಅದು ಅಪಾಯ. ಯಾರಾದ್ರೂ ಬೇಡ ಅಂದ್ರೆ ಕ್ಯಾಮರಾ ಬ್ಯಾಗಿಗೆ ಹಾಕಿ ಕೋಲ ನೋಡಿ. ಕೋಲ ಮುಗಿದ ಮೇಲಿನ ಖಾಲಿ ಕಳ, ಬೂದಿ, ತೆಂಗಿನ ಸಿರಿಯ ತುಂಡು, ಬೆಳಿಗ್ಗೆ ಕೇಳಿ ತೆಗೆದ್ರೆ ಅದ್ರಲ್ಲೂ ಇಡೀ ರಾತ್ರಿ ಇರ್ತದೆ.

ಡ್ರೋನ್ ಹಾರಿಸ್ಬಹುದಾ?

2021ರ ಡ್ರೋನ್ ನಿಯಮ ಪ್ರಕಾರ ಸರಕಾರದ ಡಿಜಿಟಲ್ ಸ್ಕೈ ಮ್ಯಾಪಲ್ಲಿ ಹಸಿರು, ಹಳದಿ, ಕೆಂಪು ಅಂತ ಜಾಗ ವಿಂಗಡಿಸಿದ್ದಾರೆ, ನೋಡಿಕೊಂಡು ಹೋಗಿ. ಹಸಿರು ಆದ್ರೂ ಮನೆಯವರನ್ನು ಕೇಳಿ, ಹಟ್ಟಿಯ ದನ ಹೆದರ್ತದೆ.

ಸುರಂಗದ ಫೋಟೋ ಮಾಡ್ಬೇಕು ಅಂತ ತುಂಬ ಆಸೆ, ಹೇಗೆ ಹೋಗುವುದು?

ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ಕಥೆ ನನಗೆ ಕಾಣುವುದಿಲ್ಲ. ಗುಡ್ಡದ ಮುರಕಲ್ಲಿಗೆ ಅಡ್ಡಕ್ಕೆ ಒಬ್ಬ ಮನುಷ್ಯ ಹಿಡಿಯುವಷ್ಟು ಕೊರೆದು ಹೋಗುವುದು, ಒಳಗೆ ಒರತೆ ಸಿಕ್ಕಿದ್ರೆ ನೀರು ತನ್ನಷ್ಟಕ್ಕೆ ಹರಿದು ಹೊರಗೆ ಬರ್ತದೆ, ಪಂಪು ಬೇಡ, ಕರೆಂಟು ಬೇಡ. ಎಣ್ಮಕಜೆ, ಬಾಯಾರು ಕಡೆ ಎಷ್ಟೋ ತೋಟ ಇವತ್ತಿಗೂ ಅದ್ರಲ್ಲೇ ಬದುಕಿರುವುದು. ಉದ್ದ ಹೇಳುವುದು ಕೋಲು ಅಂತ ಹಳೇ ಅಳತೆಯ ಲೆಕ್ಕದಲ್ಲಿ. ಕೊರೆಯುವವರು ಮೇಣದ ಬತ್ತಿ ಇಟ್ಟುಕೊಳ್ತಾರೆ, ಬತ್ತಿ ನಂದಿದ್ರೆ ಗಾಳಿ ಸಾಲದು ಅಂತ ಅರ್ಥ, ಕೂಡ್ಲೇ ಹೊರಗೆ.

ಹಾಗಾಗಿ ಒಬ್ಬರೇ ಹೋಗ್ಬೇಡಿ, ಮಳೆಗಾಲದಲ್ಲಿ ಹೋಗ್ಲೇಬೇಡಿ, ಜರಿಯುವ ಭಯ ಉಂಟು, ಬಾವಲಿ, ಹಾವು ಸಹ ಇರ್ಬಹುದು. ಜಾಗ ಗೊತ್ತಿರುವ ಮನೆಯವರು ಮುಂದೆ, ನೀವು ಹಿಂದೆ. ಒಳಗೆ ತೇವ ಜಾಸ್ತಿ, ಲೆನ್ಸಿಗೆ ಮಂಜು ಕೂರ್ಬಹುದು, ಹತ್ತು ನಿಮಿಷ ಕ್ಯಾಮರಾ ಬ್ಯಾಗಲ್ಲೇ ಬಿಟ್ಟು ಆಮೇಲೆ ತೆಗೀರಿ. ಗೋಡೆಯಲ್ಲಿ ಪಿಕ್ಕಾಸಿನ ಏಟು ಒಂದೊಂದೂ ಕಾಣ್ತದೆ, ಟಾರ್ಚನ್ನು ಬದಿಯಿಂದ ಹಿಡಿದ್ರೆ ಏಟಿನ ನೆರಳು ಎದ್ದು ಬರ್ತದೆ, ಎದುರಿಂದ ಹಿಡಿದ್ರೆ ಎಲ್ಲ ಚಪ್ಪಟೆ. ಮತ್ತೆ ಸುರಂಗದ ಬಾಯಿಗೆ ನಿಲ್ಲಿಸ್ಬೇಡಿ ಕಥೆಯನ್ನು. ನೀರು ಬರುವ ಅಡಿಕೆ ದಂಬೆಯೋ (ಅಡಿಕೆ ಮರ ಸೀಳಿ ಮಾಡಿದ ಕೊಳವೆಯೋ) ಪೈಪೋ ಹಿಡಿದು ಮದಕದ, ಅಂದ್ರೆ ನೀರು ನಿಲ್ಲುವ ಕೆರೆಯ ತನಕ, ತೋಟದ ತನಕ, ಅಡಿಗೆ ಕೋಣೆಯ ಹಂಡೆಯ ತನಕ ನಡೀರಿ.

### ಸ್ವಲ್ಪ ಮುಂದೆ ಹೋದವರಿಗೆ

ಒಂದು ಕಥೆಗೆ ಎಷ್ಟು ಫೋಟೋ ಬೇಕು? ಯಾವ ಆರ್ಡರಲ್ಲಿ ಇಡುವುದು?

ಹತ್ತರಿಂದ ಹದಿನೈದು ಸಾಕು, ಅದಕ್ಕಿಂತ ಜಾಸ್ತಿ ಆದ್ರೆ ನೋಡುವವರು ಸುಸ್ತಾಗ್ತಾರೆ. ಮನೆಗೆ ನೆಂಟರು ಬರುವ ದಾರಿಯಲ್ಲೇ ನಾನು ಇಡುವುದು: ಗದ್ದೆ ಬದು, ತಡಮೆ (ಬೇಲಿ ದಾಟುವ ಜಾಗ), ಅಂಗಳ, ಜಗಲಿ, ಚಾವಡಿ, ಒಳಗೆ, ಹಿಂದಿನ ಬಾಗಿಲು, ಬಾವಿಕಟ್ಟೆ. ನೋಡುವವರಿಗೆ ಮನೆಯ ನಕ್ಷೆ ತಲೆಯಲ್ಲಿ ಕೂರ್ತದೆ.

ಎಲ್ಲ ಕಥೆಗೂ ಇದೇ ಕ್ರಮ ಆಗ್ಲಿಕ್ಕಿಲ್ಲ. ಅನಂತಪುರದ ಸರೋವರ ಕ್ಷೇತ್ರದಲ್ಲಿ ಬಬಿಯಾ ಮೊಸಳೆ ಇದ್ದಾಗ ಎಲ್ಲರ ಕ್ಯಾಮರಾ ಅದರ ಮೇಲೆಯೇ. 2022ರ ಅಕ್ಟೋಬರಲ್ಲಿ ಅದು ತೀರಿ ಹೋದ ಮೇಲೆ ನಾನು ಹೋದಾಗ ಜನ ಸೇತುವೆಯ ಮೇಲೆ ನಡೀತಾ ಅಭ್ಯಾಸಬಲದಿಂದ ನೀರಿನ ಕಡೆ ಬಗ್ಗಿ ನೋಡ್ತಾ ಇದ್ರು. ಅಲ್ಲಿ ಗುಡಿಯ ಫೋಟೋ ಕೊನೆಗೆ ಇಟ್ಟೆ, ಬಗ್ಗಿದ ಬೆನ್ನುಗಳು ಮೊದಲು.

ಕರೆಂಟಿನ ವಯರು, ಪ್ಲಾಸ್ಟಿಕ್ ಕುರ್ಚಿ, ಡಿಶ್ ಆಂಟೆನಾ ಎಲ್ಲ ಎಡಿಟಿಂಗಲ್ಲಿ ತೆಗೀಬಹುದಾ?

ಆರ್ಕಿಟೆಕ್ಟ್ ದುಡ್ಡು ಕೊಟ್ಟು ಮಾಡಿಸುವ ಕೆಲಸ ಆದ್ರೆ ಅವರತ್ರ ಮಾತಾಡಿ ತೆಗೀರಿ. ದಾಖಲೆ ಅಂತ ಹೇಳಿ ತೋರಿಸುವ ಚಿತ್ರದಲ್ಲಿ ಬೇಡ. ಬಣ್ಣ, ಬೆಳಕು ಸರಿ ಮಾಡಿ, ಇದ್ದದ್ದನ್ನು ಅಳಿಸ್ಬೇಡಿ, ಇಲ್ಲದ್ದನ್ನು ಸೇರಿಸ್ಬೇಡಿ. ಆ ಕೆಂಪು ಕುರ್ಚಿ ಅಜ್ಜನ ಮಂಡಿ ನೋವಿಗೆ ತಂದದ್ದು, ಅದಿಲ್ಲದ ಜಗಲಿ ಈಗಿನ ಜಗಲಿ ಅಲ್ಲ.

ಎಂಡೋಸಲ್ಫಾನ್ ಬಾಧಿತರ ಮನೆಗೆ ಹೋಗಿ ಫೋಟೋ ತೆಗೀಬೇಕು ಅಂತ ಇದ್ದೇನೆ, ಸರಿಯಾ?

ಯಾಕೆ ಅಂತ ಮೊದಲು ನಿಮಗೆ ನೀವೇ ಕೇಳಿ. ಇಲ್ಲಿಯ ಗೇರು ತೋಟಗಳ ಮೇಲೆ ಇಪ್ಪತ್ತು ವರ್ಷದಷ್ಟು ಕಾಲ ಹೆಲಿಕಾಪ್ಟರಲ್ಲಿ ಆ ಕೀಟನಾಶಕ ವಿಷ ಹೊಡೆದ್ರು, 2000ದಲ್ಲಿ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೇ ನಿಷೇಧಿಸಿತು. ಶ್ರೀ ಪಡ್ರೆಯವರಂಥ ಪತ್ರಕರ್ತರು ಬರೆದದ್ದರಿಂದ, ಫೋಟೋಗಳು ಹೊರಗೆ ಹೋದದ್ದರಿಂದ ಲೋಕಕ್ಕೆ ಗೊತ್ತಾಯ್ತು, ಆ ಚಿತ್ರಗಳಿಗೆ ಬೆಲೆ ಉಂಟು. ಆದ್ರೆ ಆ ಮನೆಗಳಿಗೆ ಎಷ್ಟೋ ಕ್ಯಾಮರಾ ಬಂದು ಹೋಗಿದೆ, ಮಕ್ಕಳ ಮುಖ ಎಷ್ಟೋ ಸಲ ಪೇಪರಲ್ಲಿ ಬಂದಿದೆ, ಅಮ್ಮಂದಿರಿಗೆ ಸಾಕಾಗಿದೆ.

ನಾನು ಒಂದು ಮನೆಗೆ ಮೂರು ಸಲ ಕ್ಯಾಮರಾ ತೆಗೆಯದೆ ಹೋಗಿದ್ದೆ. ಮಲಗುವ ಕೋಣೆಯ ಕಿಟಕಿ ಸರಳಿಂದ ಬಚ್ಚಲಿನ ಬಾಗಿಲ ತನಕ ಒಂದು ತೆಂಗಿನ ನಾರಿನ ಹಗ್ಗ ಸೊಂಟದ ಎತ್ತರಕ್ಕೆ ಕಟ್ಟಿದ್ರು, ಮಗ ಅದನ್ನು ಹಿಡಿದು ನಡೀಲಿಕ್ಕೆ. ಹೊಸ್ತಿಲು ಕೆತ್ತಿ ನೆಲಕ್ಕೆ ಸಮ ಮಾಡಿದ್ರು. ಅಮ್ಮ ತಾನಾಗಿ ಹೇಳಿದ್ರು, ಹಗ್ಗದ್ದು ತೆಗೀರಿ, ಅದನ್ನು ಕಟ್ಟಿದ್ದು ನಾನೇ ಅಂತ. ಆ ಕಥೆಯಲ್ಲಿ ಹುಡುಗನ ಮುಖ ಇಲ್ಲ. ಹಗ್ಗ, ಹೊಸ್ತಿಲು, ಅಮ್ಮನ ಕೈ.

ಹೈವೇ ಅಗಲ ಮಾಡುವಾಗ ಹೋಗುವ ಅಂಗಡಿ, ಕೆಡವುವ ಮನೆ ತೆಗೀಲಿಕ್ಕೆ ಎಂತಾದ್ರೂ ಕ್ರಮ ಉಂಟಾ?

ಉಂಟು, ಇಲ್ಲಿ ಚಂದಕ್ಕಿಂತ ಶಿಸ್ತು ಮುಖ್ಯ. ನಾಲ್ಕು ದಿಕ್ಕಿನಿಂದ ನೇರ ಒಂದೊಂದು, ಪ್ರತಿ ಕೋಣೆಯ ಎರಡು ಎದುರು ಮೂಲೆಯಿಂದ ಒಂದೊಂದು, ಮಾಡಿನ ಮರದ ಜೋಡಣೆ, ಬಾಗಿಲ ಚಿಲಕ, ನೆಲದ ಸಾರಣೆ ಹತ್ರದಿಂದ. ಒಂದೆರಡರಲ್ಲಿ ಅಳತೆಕೋಲು ಇಡಿ. ಹಂಚು ಇಳಿಸುವಾಗ ಒಂದು ತಿರುಗಿಸಿ ನೋಡಿ, ಅಡಿಯಲ್ಲಿ ಕಾರ್ಖಾನೆಯ ಮುದ್ರೆ ಇರ್ತದೆ. ಬಾಸೆಲ್ ಮಿಶನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ, ಹಾಗಾಗಿ ಮುದ್ರೆಯಿಂದ ಮಾಡಿನ ಪ್ರಾಯ ಅಂದಾಜು ಮಾಡ್ಲಿಕ್ಕೆ ಒಂದು ದಾರಿ ಸಿಗ್ತದೆ, ಅದಕ್ಕಿಂತ ಮೊದಲು ಹೆಚ್ಚಾಗಿ ಮುಳಿ ಹುಲ್ಲೋ ಸೋಗೆಯೋ. ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದ ಅಡಿಕೆ ಲೆಕ್ಕ, ಹಾಲಿನ ಲೆಕ್ಕ ಬಿಡ್ಬೇಡಿ.

ಜರ್ಮನಿಯ ಬೆಕರ್ ದಂಪತಿ ನೀರಿನ ಟ್ಯಾಂಕಿಗಳನ್ನು ಮೋಡದ ಬೆಳಕಲ್ಲಿ, ಒಂದೇ ಕೋನದಲ್ಲಿ, ವರ್ಷಗಟ್ಟಲೆ ತೆಗೆದು ಸಾಲಾಗಿ ಜೋಡಿಸಿದ್ರು. ನಮ್ಮ ರೋಡ್ ಬದಿಯ ಗೂಡಂಗಡಿಗಳನ್ನು ಹಾಗೆ ತೆಗೆದ್ರೆ ಒಂದೊಂದರ ವ್ಯತ್ಯಾಸ ಕಣ್ಣಿಗೆ ಹೊಡೀತದೆ.

ಕ್ಯಾಪ್ಷನಲ್ಲಿ ಎಂತ ಬರೀಬೇಕು? ಯಾವ ಭಾಷೆಯಲ್ಲಿ?

ತಾರೀಕು, ಊರು, ಮನೆಯ ಹೆಸರು, ಚಿತ್ರದಲ್ಲಿರುವವರ ಹೆಸರು ಅವರು ಒಪ್ಪಿದ್ರೆ, ಎಂತ ಮಾಡ್ತಾ ಇದ್ದಾರೆ. ಅದೇ ದಿನ ಬರೀರಿ, ನಾಳೆ ಅಂದ್ರೆ ಹೋಯ್ತು. 1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿದ್ದೇವೆ, ಬೋರ್ಡುಗಳು ಬದಲಾಗ್ತಾ ಬಂದವು, ಊರಿನ ಹೆಸರು ಕಾಗದದಲ್ಲಿ ಒಂದು, ಬಾಯಲ್ಲಿ ಇನ್ನೊಂದು. ಮನೆಯವರು ಬಾಯಲ್ಲಿ ಹೇಳುವ ಹೆಸರನ್ನು ಕನ್ನಡದಲ್ಲಿ ಹಾಗೇ ಬರೀರಿ, ಸರಕಾರಿ ಹೆಸರು ಪಕ್ಕದಲ್ಲಿ ಇರ್ಲಿ. ಮನೆಯ ಭಾಗಗಳಿಗೆ ಸಹ ಅವರದ್ದೇ ಶಬ್ದ. ಒಂದೇ ಜಾಗಕ್ಕೆ ಹವ್ಯಕರ ಮನೆಯಲ್ಲಿ ಒಂದು ಹೆಸರು, ತುಳುವರಲ್ಲಿ ಇನ್ನೊಂದು, ಮಲಯಾಳ ಮಾತಾಡುವವರಲ್ಲಿ ಮತ್ತೊಂದು. ಮನೆ ಬಿದ್ದ ಮೇಲೆ ಆ ಶಬ್ದವೂ ಬೀಳ್ತದೆ, ನಿಮ್ಮ ಕ್ಯಾಪ್ಷನಲ್ಲಿ ಆದ್ರೂ ಉಳೀಲಿ.

ಫೋಟೋದ ಹಕ್ಕು ಯಾರದ್ದು?

ನೀವಾಗಿ ತೆಗೆದ್ರೆ ನಿಮ್ಮದು, ನೀವಿರುವಷ್ಟು ಕಾಲ, ನಿಮ್ಮ ಕಾಲದ ನಂತರ ಮತ್ತೆ 60 ವರ್ಷ. ಬೇರೆಯವರು ದುಡ್ಡು ಕೊಟ್ಟು ತೆಗೆಸಿದ್ರೆ, ಬೇರೆ ಒಪ್ಪಂದ ಇಲ್ಲದಿದ್ರೆ ಹಕ್ಕು ಅವರದ್ದು, ಅದಕ್ಕೆ ಮೊದಲೇ ಬರ್ದು ಮಾಡಿಕೊಳ್ಳಿ.

ಫೈಲೆಲ್ಲ ಹೇಗೆ ಇಡ್ತೀರಿ?

ಮೂರು ಕಡೆ: ಕಂಪ್ಯೂಟರಲ್ಲಿ ಒಂದು, ಹಾರ್ಡ್ ಡಿಸ್ಕಲ್ಲಿ ಒಂದು, ಬೇರೆ ಮನೆಯಲ್ಲಿ ಇನ್ನೊಂದು. ಒಂದೇ ಡಿಸ್ಕಲ್ಲಿ ಇಟ್ಟು ಅದು ಕೆಟ್ಟು ನನ್ನ ಎರಡು ವರ್ಷದ ಕೆಲಸ ಹೋಯ್ತು. ಅದ್ರಲ್ಲಿ ಕುಂಬಳೆ ಕಡೆಯ ಒಂದು ಸಾಲು ಹಂಚಿನ ಅಂಗಡಿ ಇತ್ತು, ಹೈವೇ ಅಗಲ ಆದ ಮೇಲೆ ಅಂಗಡಿಯೂ ಇಲ್ಲ. ಒಂದು ಚಾಯದ ಅಂಗಡಿಯವರಿಗೆ ಪ್ರಿಂಟ್ ಕೊಟ್ಟಿದ್ದೆ, ಆ ಸಾಲಿನದ್ದು ಉಳಿದದ್ದು ಅದೊಂದೇ, ಅವರ ಮನೆ ಗೋಡೆಯಲ್ಲಿ. ಈಗ ಮುಖ್ಯವಾದ್ದನ್ನೆಲ್ಲ ಪ್ರಿಂಟ್ ಹಾಕಿಸ್ತೇನೆ, ಹಿಂದೆ ಪೆನ್ಸಿಲಲ್ಲಿ ಕ್ಯಾಪ್ಷನ್ ಬರೀತೇನೆ.

ಒಂದೇ ಮನೆಗೆ ಎಷ್ಟು ಸಲ ಹೋಗ್ತೀರಿ? ಬೋರ್ ಆಗುದಿಲ್ವಾ?

ನೀರ್ಚಾಲಿನ ಆ ಕಂಬದ ಮನೆಗೆ ಇಷ್ಟರವರೆಗೆ ಹನ್ನೊಂದು ಸಲ ಹೋಗಿದ್ದೇನೆ. ಅಜ್ಜಿ ಈಗ ಜಗಲಿಗೆ ಬರುವುದು ಕಮ್ಮಿ, ಸೊಸೆ ಸಂಜೆ ಅಲ್ಲಿ ಕೂತು ಅಡಿಕೆ ಸುಲೀತಾರೆ, ಏಳುವಾಗ ಹಿಡಿಯುವುದು ಅದೇ ಕಂಬ, ಆದ್ರೆ ಅವರು ಎತ್ತರ ಇರುವುದರಿಂದ ಕೈ ಬೀಳುವುದು ನಾಲ್ಕು ಬೆರಳು ಮೇಲೆ. ಅಲ್ಲಿ ಹೊಸದಾಗಿ ಬಣ್ಣ ತಿರುಗ್ತಾ ಉಂಟು. ಬರುವ ಬೇಸಿಗೆಯಲ್ಲಿ ಹಂಚು ಇಳಿಸಿ ಶೀಟ್ ಹಾಕ್ತಾರಂತೆ, ಅಟ್ಟದ್ದು ಮಾತ್ರ ತೆಗೀಲಿಕ್ಕೆ ಬಾಕಿ, ಮಾರ್ಚ್ ಒಳಗೆ ಹೋಗ್ಬೇಕು.